ಒಂದೇ ಗಾಡಿ, ಎರಡು ಪಿಂಚಣಿ: ಫೈರ್‌ನವರ ಸಂಬಳ, ನಿವೃತ್ತಿ ಬಗ್ಗೆ ಗೊತ್ತಿರುವವರು ಹೇಳಿ

ಮಲ್ಲಿಗೆ_ಮನೆ

ಎಲ್ಲರಿಗೂ ನಮಸ್ಕಾರ. ನನ್ನ ಯಜಮಾನರು ಸರ್ಕಾರಿ ಅಗ್ನಿಶಾಮಕ ಸೇವೆಯಲ್ಲಿದ್ದಾರೆ. 2010ರಲ್ಲಿ ಸೇರಿದ್ದು, ಈಗ ಪ್ರಮುಖ ಅಗ್ನಿಶಾಮಕ. ಅದೇ ಠಾಣೆಯಲ್ಲಿ ಅದೇ ಹುದ್ದೆಯಲ್ಲಿ ಇನ್ನೊಬ್ಬರಿದ್ದಾರೆ, 2004ರಲ್ಲಿ ಸೇರಿದವರು. ಕಾಲ್ ಬಂದರೆ ಇಬ್ಬರೂ ಒಂದೇ ಗಾಡಿ ಹತ್ತುತ್ತಾರೆ. ಒಬ್ಬರು ಮುಂದೆ ಬ್ರ್ಯಾಂಚ್ (ಹೋಸ್ ತುದಿಯ ನಳಿಕೆ) ಹಿಡಿದರೆ ಇನ್ನೊಬ್ಬರು ಹಿಂದೆ ಹೋಸ್‌ಗೆ ಹೆಗಲು ಕೊಡುತ್ತಾರೆ. ಕುಡಿಯುವ ಹೊಗೆಯೂ ಒಂದೇ. ಆದರೆ 60 ತುಂಬಿದ ಮೇಲೆ ಅವರಿಗೆ ಹಳೆ ಪಿಂಚಣಿ, ನಮಗೆ ಎನ್‌ಪಿಎಸ್ (ಸಂಬಳದಿಂದ ಕಟ್ಟಿ ಕೂಡಿಸುವ ಹೊಸ ಪಿಂಚಣಿ).

ಯಾಕೆ ಹೀಗೆ ಅಂತ ಕೇಳಿದರೆ "2006ರ ರೂಲು, ಏನ್ ಮಾಡೋದು" ಅಂತಾರೆ. ಪೇ ಸ್ಲಿಪ್ ನೋಡಿದರೂ ಬೆಂಕಿಯ ಅಪಾಯಕ್ಕೆ ತಕ್ಕ ಭತ್ಯೆ ಅನ್ನುವಂಥದ್ದು ಕಾಣಿಸುವುದಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಪ್ಲಾಸ್ಟಿಕ್ ಗೋದಾಮಿಗೆ ಬೆಂಕಿ ಬಿದ್ದು ರಾತ್ರಿಯಿಡೀ ಅಲ್ಲೇ ಇದ್ದರು. ಬೆಳಿಗ್ಗೆ ಬಂದು ಬಟ್ಟೆ ನೆನೆಹಾಕಿದರೆ ಬಕೆಟ್ ನೀರು ಕಪ್ಪಗೆ, ಎಣ್ಣೆ ಎಣ್ಣೆಯಾಗಿ ನಿಂತಿತು. ಎಷ್ಟು ಜಾಲಿಸಿದರೂ ವಾಸನೆ ಹೋಗಲಿಲ್ಲ. ಕತ್ತಿನ ಹಿಂದೆ, ಹೆಲ್ಮೆಟ್ಟೂ ಕಾಲರೂ ಮುಚ್ಚದ ಕಡೆ, ಮಸಿಯ ಗೆರೆ ಸೋಪು ಹಾಕಿ ತಿಕ್ಕಿದರೂ ಹಾಗೇ ಉಳಿಯಿತು. ಅವತ್ತಿಂದ ಕೆಮ್ಮು ಬಿಟ್ಟಿಲ್ಲ.

ನನಗೆ ಎರಡು ವಿಷಯ ತಿಳಿಯಬೇಕು. ಎನ್‌ಪಿಎಸ್‌ನಲ್ಲಿ ಕೊನೆಗೆ ಕೈಗೆ ಬರುವುದು ಹೇಗೆ, ಎಷ್ಟು? ಮತ್ತೆ, ಫೈರ್‌ನವರಿಗೆ ಬೇರೆ ಲೆಕ್ಕ ಕೊಡಿ ಅಂತ ಕೇಳುವುದು ತಪ್ಪಾ?

ಮಂಡ್ಯ_ಹೈದ

ತಪ್ಪೇನೂ ಇಲ್ಲ ಅಕ್ಕ. ಕೆಲಸ ಒಂದೇ ಅಂದಮೇಲೆ ಪಿಂಚಣಿಯೂ ಒಂದೇ ಇರಬೇಕು.

ಖಜಾನೆ_ಕಡತ

ಅಕ್ಕಾ, ಲೆಕ್ಕದಿಂದಲೇ ಶುರು ಮಾಡ್ತೀನಿ. ನಾನು ಬಹಳ ವರ್ಷ ಸಂಬಳದ ಬಿಲ್ಲು, ಪಿಂಚಣಿ ಕಡತ ನೋಡಿದವನು.

ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಎನ್‌ಪಿಎಸ್. ಬೇಸಿಕ್, ಡಿಎ (ತುಟ್ಟಿಭತ್ಯೆ) ಎರಡನ್ನೂ ಕೂಡಿ ಅದರಲ್ಲಿ ನೂರಕ್ಕೆ 10 ನಿಮ್ಮವರ ಸಂಬಳದಿಂದ ಹಿಡಿಯುತ್ತಾರೆ. ಸರ್ಕಾರ ತನ್ನ ಪಾಲು 14 ಹಾಕುತ್ತದೆ. ಮೊದಲು ಸರ್ಕಾರದ್ದೂ 10 ಇತ್ತು, ಆಮೇಲೆ ಜಾಸ್ತಿ ಮಾಡಿದರು. ನಿವೃತ್ತಿ ಆದಾಗ ಕೂಡಿದ ದುಡ್ಡಿನಲ್ಲಿ ನೂರಕ್ಕೆ 60 ಕೈಗೆ ತಗೋಬಹುದು, ಅದಕ್ಕೆ ತೆರಿಗೆ ಇಲ್ಲ. ಉಳಿದ 40ರಲ್ಲಿ ವಿಮಾ ಕಂಪನಿಯಿಂದ ಆನ್ಯುಟಿ, ಅಂದರೆ ಒಟ್ಟಿಗೆ ದುಡ್ಡು ಕಟ್ಟಿ ತಿಂಗಳು ತಿಂಗಳು ಹಣ ಪಡೆಯುವ ಯೋಜನೆ, ಕೊಳ್ಳಲೇಬೇಕು. ತಿಂಗಳ ಪಿಂಚಣಿ ಅಂತ ಬರುವುದು ಇದರಿಂದ ಮಾತ್ರ.

ಉದಾಹರಣೆಗೆ ಒಟ್ಟು 60 ಲಕ್ಷ ಕೂಡಿದೆ ಅಂತಿಟ್ಟುಕೊಳ್ಳಿ. ಅದರಲ್ಲಿ 24 ಲಕ್ಷ ಆನ್ಯುಟಿಗೆ ಹೋಯಿತು. ನೂರಕ್ಕೆ 6ರ ದರ ಸಿಕ್ಕರೆ ವರ್ಷಕ್ಕೆ 1,44,000. ತಿಂಗಳಿಗೆ 12,000. ಅದೇ ಹಳೆ ಪಿಂಚಣಿಯವರ ಕೊನೆಯ ಬೇಸಿಕ್ 50,000 ಇದ್ದು ಸೇವೆ ಪೂರ್ತಿ ಆಗಿದ್ದರೆ ಪಿಂಚಣಿ ಅದರ ಅರ್ಧ, 25,000. ಅದರ ಮೇಲೆ ಡಿಎ ಬೇರೆ.

ಲೆಡ್ಜರ್_ಸುಮಾ

ಕಡತದವರೇ, ಅರ್ಧ ಲೆಕ್ಕ ಹೇಳಿ ನಿಲ್ಲಿಸಿದಿರಿ. ಕೈಗೆ ಬಂದ 36 ಲಕ್ಷ ಎಲ್ಲಿ ಹೋಯಿತು? ಅದನ್ನೂ ನೂರಕ್ಕೆ 6ರ ಬಡ್ಡಿಗೆ ಇಟ್ಟರೆ ತಿಂಗಳಿಗೆ 18,000. ಎರಡೂ ಸೇರಿ 30,000. ನಿಮ್ಮ 25,000ಕ್ಕಿಂತ ಜಾಸ್ತಿಯೇ ಆಯ್ತಲ್ವಾ? ಮೇಲಾಗಿ ಅಸಲು ಮಕ್ಕಳಿಗೆ ಉಳಿಯುತ್ತದೆ. ಎನ್‌ಪಿಎಸ್ ಅಂದ ಕೂಡಲೇ ಮೋಸ ಅಂತ ಹೆದರಿಸಬೇಡಿ.

ಖಜಾನೆ_ಕಡತ

ಸುಮಾ ಮೇಡಂ, ನಿವೃತ್ತಿಯ ಮೊದಲ ವರ್ಷಕ್ಕೆ ನಿಮ್ಮ ಲೆಕ್ಕ ಸರಿ. 75ನೇ ವಯಸ್ಸಿಗೆ ಹೋಗಿ ನೋಡಿ. ಹಳೆ ಪಿಂಚಣಿಗೆ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಲೆಕ್ಕದಲ್ಲಿ, ಡಿಎ ಏರುತ್ತದೆ. ವರ್ಷಕ್ಕೆ ನೂರಕ್ಕೆ 5ರಂತೆ ಏರಿದರೂ 25,000 ಇದ್ದದ್ದು ಹದಿನಾಲ್ಕು, ಹದಿನೈದು ವರ್ಷಕ್ಕೆ 50,000 ಮುಟ್ಟುತ್ತದೆ. ಆನ್ಯುಟಿಯ 12,000 ಅವತ್ತೂ 12,000. ಬಡ್ಡಿಯ 18,000 ಕೂಡ ಬ್ಯಾಂಕಿನ ದರ ಇಳಿದರೆ ಇಳಿಯುತ್ತದೆ.

ವೇತನ ಆಯೋಗ ಬಂದಾಗಲೂ ಹಾಗೆಯೇ. 7ನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿ ಆಯಿತು. ಕನಿಷ್ಠ ಮೂಲ ವೇತನ 17,000 ಇದ್ದದ್ದು 27,000 ಆಯಿತು. ಅದರ ಜೊತೆಗೆ ಕನಿಷ್ಠ ಪಿಂಚಣಿ 8,500ರಿಂದ 13,500ಕ್ಕೆ ಹೋಯಿತು. ಮನೆಯಲ್ಲಿ ಕೂತ ಹಳೆ ಪಿಂಚಣಿದಾರನಿಗೂ ಏರಿಕೆ ಸಿಕ್ಕಿತು. ಆನ್ಯುಟಿಯವರನ್ನು ಯಾವ ಆಯೋಗವೂ ಮುಟ್ಟುವುದಿಲ್ಲ.

ಇನ್ನೊಂದು. 60 ಲಕ್ಷ ಅನ್ನುವುದು ಪೂರ್ತಿ ಸೇವೆ ಮಾಡಿದವನ ಮಾತು. ತಡವಾಗಿ ಕೆಲಸ ಸಿಕ್ಕವನಿಗೆ, ಸಣ್ಣ ಬೇಸಿಕ್ಕಿನಲ್ಲಿ ವರ್ಷಗಳನ್ನು ಕಳೆದವನಿಗೆ ಅಷ್ಟು ಕೂಡುವುದಿಲ್ಲ.

ಲೆಡ್ಜರ್_ಸುಮಾ

ಡಿಎ ಮಾತು ಒಪ್ಪುತ್ತೇನೆ. ಬೆಲೆ ಏರಿಕೆಯ ಭಾರ ಪೂರ್ತಿ ನೌಕರನ ತಲೆ ಮೇಲೆ ಬೀಳುತ್ತದೆ, ಎನ್‌ಪಿಎಸ್‌ನ ದೊಡ್ಡ ಕೊರತೆ ಅದೇ. ಆದರೆ ಹಳೆ ಪಿಂಚಣಿಗೆ ಪೂರ್ತಿ ವಾಪಸ್ ಹೋದರೆ ಆ ಭಾರ ಮುಂದಿನ ತಲೆಮಾರಿನ ತೆರಿಗೆ ಮೇಲೆ ಬೀಳುತ್ತದೆ. ರಿಸರ್ವ್ ಬ್ಯಾಂಕ್ ಕೂಡ ರಾಜ್ಯಗಳಿಗೆ ಈ ವಿಷಯದಲ್ಲಿ ಎಚ್ಚರಿಕೆ ಹೇಳಿದೆ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಹಳೆ_ಸೈರನ್

ನಾನು ನಿವೃತ್ತ ಪ್ರಮುಖ ಅಗ್ನಿಶಾಮಕ. ಹಳೆ ಪಿಂಚಣಿ ಬರುತ್ತಿದೆ, ಆ ವಿಷಯದಲ್ಲಿ ನೆಮ್ಮದಿ ಇದೆ. ಆದರೆ ತಂಗಿ ಹೇಳಿದ ಕೆಮ್ಮಿನ ವಿಷಯ ಓದಿ ಬರೆಯುತ್ತಿದ್ದೇನೆ.

ಜನ ಬೆಂಕಿ ಅಂದರೆ ಜ್ವಾಲೆ ಅಂದುಕೊಳ್ಳುತ್ತಾರೆ. ಮೈ ಹಾಳು ಮಾಡುವುದು ಜ್ವಾಲೆ ಇಳಿದ ಮೇಲಿನ ಕೆಲಸ. ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಮೇಲಿನಿಂದ ನೀರು ಹೊಡೆದರೆ ಆರುವುದಿಲ್ಲ. ಮೇಲೆ ಒದ್ದೆ, ಒಳಗೆ ಕೆಂಡ. ಕೊಕ್ಕೆ ಹಾಕಿ ಒಂದೊಂದೇ ಪದರ ಎಳೆದು, ಹರಡಿ, ನೆನೆಸಬೇಕು. ಗಂಟೆಗಟ್ಟಲೆ ದಟ್ಟ ಹೊಗೆಯಲ್ಲಿ ಬಗ್ಗಿ ನಿಂತಿರುತ್ತೇವೆ. ನಮ್ಮ ಕಾಲದಲ್ಲಿ ಬಿಎ ಸೆಟ್ (ಬೆನ್ನಿಗೆ ಕಟ್ಟುವ, ಉಸಿರಾಡುವ ಗಾಳಿಯ ಸಿಲಿಂಡರ್) ಗಾಡಿಗೆ ಒಂದೋ ಎರಡೋ. ಅದನ್ನು ಕಟ್ಟಡದ ಒಳಗೆ ಹೋಗುವವನಿಗೆ ಅಂತ ಇಡುತ್ತಿದ್ದೆವು. ಬಯಲಿನ ಬೆಂಕಿಗೆ ಮೂಗಿಗೆ ಒದ್ದೆ ಕರವಸ್ತ್ರ ಅಷ್ಟೇ. ಒಂದು ಸೆಟ್ ಸಿಲಿಂಡರ್ ಅರ್ಧ ಗಂಟೆ ಆಸುಪಾಸಿಗೆ ಮುಗಿಯುತ್ತದೆ, ಬೆಂಕಿ ರಾತ್ರಿಯಿಡೀ ಇರುತ್ತದೆ.

ನೀರು ತುಂಬಿದ ಹೋಸ್ ಎಳೆದು ಎಳೆದು ನನ್ನ ಎರಡೂ ಮಂಡಿ ಹೋಗಿವೆ. ಬಲ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಪಂಪಿನ ಪಕ್ಕ ನಿಂತು ನಿಂತು. ಪಿಂಚಣಿ ಬರುತ್ತದೆ, ದೊಡ್ಡ ಪಾಲು ಆಸ್ಪತ್ರೆಗೆ ಹೋಗುತ್ತದೆ. ಹಾಗಾಗಿ ಪಿಂಚಣಿ ಒಂದನ್ನೇ ಹಿಡಿದು ಕೂರಬೇಡಿ. ನಿವೃತ್ತಿ ಆದಮೇಲಿನ ವೈದ್ಯಕೀಯ ಖರ್ಚು ಅಷ್ಟೇ ದೊಡ್ಡ ಪ್ರಶ್ನೆ.

ಮಲ್ಲಿಗೆ_ಮನೆ

ಅಣ್ಣ, ನೀವು ಹೇಳಿದ್ದು ಓದಿ ನಮ್ಮವರಿಗೂ ತೋರಿಸಿದೆ. "ಬಣವೆ ಕಾಲ್ ಅಂದರೆ ಊಟ ಮಾಡ್ಕೊಂಡೇ ಹೋಗಬೇಕು, ವಾಪಸ್ ಯಾವಾಗ ಅಂತ ಗೊತ್ತಿರಲ್ಲ" ಅಂದರು.

ಉಸಿರು_ಡಾಕ್ಟರ್

ಮೊದಲು ಇವರ ಕೆಮ್ಮನ್ನು ಎದೆರೋಗ ತಜ್ಞರಿಗೆ ತೋರಿಸಿ. ಇಷ್ಟು ದಿನ ಎಳೆದದ್ದೇ ಜಾಸ್ತಿ. ಶ್ವಾಸಕೋಶದ ಸಾಮರ್ಥ್ಯ ನೋಡುವ ಪಿಎಫ್‌ಟಿ ಮಾಡಿಸಿ. ಹೊಗೆಯಲ್ಲಿ ಕೆಲಸ ಮಾಡುತ್ತೇನೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು, ಚೀಟಿಯಲ್ಲಿ ಬರೆಸಬೇಕು.

ಇನ್ನು ವಿಷಯಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. 2007ರಲ್ಲಿ "ಇರಬಹುದು" ಅನ್ನುವ ಗುಂಪಿನಲ್ಲಿತ್ತು. ಈಗ ಮೂತ್ರಕೋಶದ ಕ್ಯಾನ್ಸರ್ ಮತ್ತು ಶ್ವಾಸಕೋಶದ ಹೊದಿಕೆಗೆ ಬರುವ ಮೀಸೋಥೀಲಿಯೋಮಾಗೆ ಸಾಕಷ್ಟು ಪುರಾವೆ ಇದೆ ಅಂತ ಹೇಳಿದೆ. ಕರುಳು, ಪ್ರಾಸ್ಟೇಟ್, ಚರ್ಮದ ಮೆಲನೋಮಾ ಇಂಥವಕ್ಕೆ ಸ್ವಲ್ಪ ಮಟ್ಟಿನ ಪುರಾವೆ ಇದೆ. ವಿಷ ಬರೀ ಉಸಿರಿನಿಂದ ಹೋಗುವುದಿಲ್ಲ. ಚರ್ಮದಿಂದಲೂ ಇಳಿಯುತ್ತದೆ. ಕತ್ತಿನ ಹಿಂದಿನ ಮಸಿಯ ಗೆರೆ ಅಂದಿರಲ್ಲ, ಅದನ್ನು ಹಗುರವಾಗಿ ತಗೋಬೇಡಿ. ಆ ಬಟ್ಟೆಯನ್ನು ಮನೆ ಮಂದಿಯ ಬಟ್ಟೆ ಜೊತೆ ಒಗೆಯಲೇಬೇಡಿ.

ಮೀಸೋಥೀಲಿಯೋಮಾ ಹೆಚ್ಚಾಗಿ ಬರುವುದು ಕಲ್ನಾರಿನ (ಆಸ್‌ಬೆಸ್ಟಾಸ್) ಧೂಳಿನಿಂದ. ನಮ್ಮಲ್ಲಿ ಎಷ್ಟೊಂದು ಗೋದಾಮುಗಳಿಗೆ ಆಸ್‌ಬೆಸ್ಟಾಸ್ ಶೀಟ್ ಇದೆ ನೋಡಿ, ಬೆಂಕಿಗೆ ಅದು ಸಿಡಿದು ಚೂರಾಗುತ್ತದೆ. ಕಾಯಿಲೆ ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಆದಮೇಲೆ. ಅಷ್ಟು ಹೊತ್ತಿಗೆ ನೌಕರ ನಿವೃತ್ತ. ಇದು ಕೆಲಸದಿಂದಲೇ ಬಂತು ಅಂತ ಆ ವಯಸ್ಸಿನಲ್ಲಿ ಅವನು ಹೇಗೆ ಸಾಬೀತು ಮಾಡಬೇಕು? ಆಗುವ ಮಾತಲ್ಲ.

ದೂರದ_ಕನ್ನಡಿಗ

ಡಾಕ್ಟರ್ ಹೇಳಿದ ಈ ಸಮಸ್ಯೆಗೆ ಬೇರೆ ದೇಶಗಳು ಒಂದು ದಾರಿ ಕಂಡುಕೊಂಡಿವೆ. ಸಾಬೀತು ಮಾಡುವ ಭಾರವನ್ನು ನೌಕರನ ಮೇಲೆ ಹಾಕುವುದಿಲ್ಲ. ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಅದು ಕೆಲಸದಿಂದಲೇ ಬಂದದ್ದು ಅಂತ ಕಾನೂನೇ ಮೊದಲು ಒಪ್ಪಿಕೊಳ್ಳುತ್ತದೆ. ಅಲ್ಲ ಅನ್ನುವುದಾದರೆ ಸರ್ಕಾರ ತೋರಿಸಬೇಕು. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯ 2002ರಲ್ಲೇ ಇದನ್ನು ತಂದಿತು. ಅಮೆರಿಕದ ಕೇಂದ್ರ ಸರ್ಕಾರ ತನ್ನ ಅಗ್ನಿಶಾಮಕರಿಗೆ 2022ರ ಡಿಸೆಂಬರ್‌ನಲ್ಲಿ ತಂದಿತು. ಕನಿಷ್ಠ 5 ವರ್ಷ ಬೆಂಕಿ ಆರಿಸುವ ಕೆಲಸ ಮಾಡಿರಬೇಕು, ಕೆಲಸ ಬಿಟ್ಟು 10 ವರ್ಷದೊಳಗೆ ಕಾಯಿಲೆ ಪತ್ತೆ ಆಗಿರಬೇಕು.

ನಿವೃತ್ತಿಯೂ ಬೇರೆ. ಇಲ್ಲಿ ಅಮೆರಿಕದಲ್ಲಿ ಕೇಂದ್ರದ ಅಗ್ನಿಶಾಮಕರು 50 ವಯಸ್ಸಿಗೆ, 20 ವರ್ಷ ಸೇವೆ ಇದ್ದರೆ ಪೂರ್ತಿ ಪಿಂಚಣಿಯೊಂದಿಗೆ ಹೊರಡಬಹುದು. ಸಾಮಾನ್ಯವಾಗಿ 57ಕ್ಕೆ ನಿವೃತ್ತಿ ಕಡ್ಡಾಯ. ಮೊದಲ 20 ವರ್ಷಕ್ಕೆ ಪ್ರತಿ ವರ್ಷದ ಸೇವೆಗೆ ಸಂಬಳದ ನೂರಕ್ಕೆ 1.7 ಪಿಂಚಣಿಗೆ ಲೆಕ್ಕ ಹಿಡಿಯುತ್ತಾರೆ, ಮಾಮೂಲಿ ನೌಕರನಿಗೆ 1. ಬದಲಿಗೆ ಸಂಬಳದಿಂದ ಸ್ವಲ್ಪ ಜಾಸ್ತಿ ಹಿಡಿಯುತ್ತಾರೆ. ಹಾಗಂತ ಇಲ್ಲಿನವರು ಸುಖವಾಗಿದ್ದಾರೆ ಅಂತಲ್ಲ. ವಾರಕ್ಕೆ 72 ಗಂಟೆ ಡ್ಯೂಟಿ ಮಾಡುವವರೇ ಜಾಸ್ತಿ.

ನೇರ_ಮಾತು

ಅಮೆರಿಕದ ಕತೆ ಇಲ್ಲಿ ಯಾಕೆ? ನಮ್ಮ ಬಜೆಟ್ ನೋಡಿ ಮಾತಾಡಿ. ಶಿಕ್ಷಕರು ಕೇಳ್ತಾರೆ, ನರ್ಸುಗಳು ಕೇಳ್ತಾರೆ, ಈಗ ಫೈರ್‌ನವರು. ಕಂಬ ಹತ್ತುವ ಲೈನ್‌ಮನ್‌ಗೆ ಅಪಾಯ ಇಲ್ವಾ? ಮ್ಯಾನ್‌ಹೋಲ್ ಹತ್ತಿರ ಕೆಲಸ ಮಾಡುವ ಪೌರಕಾರ್ಮಿಕರಿಗೆ ಇಲ್ವಾ? ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕು. ಅಷ್ಟು ದುಡ್ಡು ಯಾರ ಹತ್ತಿರ ಇದೆ?

ಮಂಡ್ಯ_ಹೈದ

ಎಲ್ಲರಿಗೂ ಕೊಡೋಕೆ ಆಗಲ್ಲ ಅಂತ ಯಾರಿಗೂ ಕೊಡಬೇಡಿ ಅನ್ನೋದು ಯಾವ ನ್ಯಾಯ?

ಮಲ್ಲಿಗೆ_ಮನೆ

ನೇರ_ಮಾತು ಸರ್, ಲೈನ್‌ಮನ್, ಪೌರಕಾರ್ಮಿಕರು ಕೇಳಿದರೆ ನಾನೂ ಅವರ ಜೊತೆ ನಿಲ್ಲುತ್ತೇನೆ. ಅವರ ಕಷ್ಟ ತೋರಿಸಿ ನಮ್ಮ ಬಾಯಿ ಮುಚ್ಚಿಸಬೇಡಿ. ನಾನು ಕೇಳುತ್ತಿರುವುದು ಇಷ್ಟೇ. ಮೈ ಬೇಗ ಸವೆಯುವ ಕೆಲಸಕ್ಕೂ ಕುರ್ಚಿ ಮೇಲಿನ ಕೆಲಸಕ್ಕೂ ಒಂದೇ ಅಳತೆ ಯಾಕೆ? 58, 59ನೇ ವಯಸ್ಸಿನವರು ಏಣಿ ಹತ್ತಿ ಹೆಗಲ ಮೇಲೆ ಮನುಷ್ಯನನ್ನು ಹೊತ್ತು ಇಳಿಯಬೇಕು. ಅದು ಅವರಿಗೂ ಕಷ್ಟ, ಕೆಳಗೆ ಕಾಯುವವರಿಗೂ ಅಪಾಯ.

ಕರಿ_ಕೋಟು

ವಕೀಲನಾಗಿ ಎರಡು ಮೂರು ವಿಷಯ ಹೇಳುತ್ತೇನೆ.

ಬೇರೆ ಅಳತೆ ಅನ್ನುವುದು ಹೊಸದೇನಲ್ಲ. ಕೇಂದ್ರ 2004ರ ಜನವರಿ 1ರಿಂದ ಎನ್‌ಪಿಎಸ್ ತಂದಾಗ ಭೂಸೇನೆ, ನೌಕಾಪಡೆ, ವಾಯುಪಡೆಯನ್ನು ಹೊರಗಿಟ್ಟಿತು. ಕೆಲಸದ ಸ್ವರೂಪ ನೋಡಿ ವಿನಾಯಿತಿ ಕೊಡಬಹುದು ಅಂತ ಇದರಿಂದಲೇ ಗೊತ್ತಾಗುತ್ತದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಿಗೂ ಹಳೆ ಪಿಂಚಣಿ ಕೊಡಿ ಅಂತ ದೆಹಲಿ ಹೈಕೋರ್ಟ್ 2023ರ ಜನವರಿಯಲ್ಲಿ ಹೇಳಿತು. ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹಾಗಾಗಿ ಕೋರ್ಟಿನ ದಾರಿಯೊಂದನ್ನೇ ನಂಬಿ ಕೂರುವ ಹಾಗಿಲ್ಲ.

ಎರಡನೆಯದು, ಅಧಿಸೂಚನೆಯ ತಾರೀಕು ನೋಡಿ. 2006ರ ಏಪ್ರಿಲ್ 1ಕ್ಕೆ ಮೊದಲೇ ನೇಮಕಾತಿ ಅಧಿಸೂಚನೆ ಆಗಿ, ಆಮೇಲೆ ಕೆಲಸಕ್ಕೆ ಸೇರಿದವರಿಗೆ ಹಳೆ ಪಿಂಚಣಿಗೆ ಅವಕಾಶ ಅಂತ ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ತೀರ್ಮಾನ ಮಾಡಿತು. 2006, 2007ರಲ್ಲಿ ಸೇರಿದ ಫೈರ್‌ನವರು ಯಾರಾದರೂ ಇದನ್ನು ಓದುತ್ತಿದ್ದರೆ ತಮ್ಮ ನೇಮಕಾತಿ ಆದೇಶ ತೆಗೆದು ನೋಡಲಿ.

ಇನ್ನು ಗಾಯ ಆದವರಿಗೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಸೆಕ್ಷನ್ 20(4) ಪ್ರಕಾರ ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಸರ್ಕಾರಿ ನೌಕರನನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ದರ್ಜೆ ಇಳಿಸುವ ಹಾಗಿಲ್ಲ. ಅದೇ ವೇತನ ಶ್ರೇಣಿಯಲ್ಲಿ ಬೇರೆ ಹುದ್ದೆ ಕೊಡಬೇಕು. ಕಂಟ್ರೋಲ್ ರೂಮ್, ವಾಚ್ ರೂಮ್, ತರಬೇತಿ, ಸ್ಟೋರ್ ಹೀಗೆ ಕೆಲಸ ಬೇಕಾದಷ್ಟಿವೆ. ಮಂಡಿ ಹೋಯಿತು ಅಂತ ಹೆದರಿ ರಾಜೀನಾಮೆ ಬರೆದುಕೊಡಬೇಡಿ.

ಖಜಾನೆ_ಕಡತ

ವಕೀಲರು ಒಳ್ಳೆ ಮಾತು ಹೇಳಿದರು, ಅದಕ್ಕೆ ಎನ್‌ಪಿಎಸ್ ಕಡೆಯಿಂದ ಇನ್ನೊಂದು ಕಾರಣ ಸೇರಿಸುತ್ತೇನೆ. ನಿವೃತ್ತಿ ವಯಸ್ಸಿಗೆ ಮೊದಲೇ ತಾವಾಗಿ ಕೆಲಸ ಬಿಟ್ಟರೆ 60-40 ಇರುವುದಿಲ್ಲ. ನೂರಕ್ಕೆ 80 ಆನ್ಯುಟಿಗೆ ಹೋಗುತ್ತದೆ, ಕೈಗೆ ಬರುವುದು 20. ಮೈ ಸೋತು 50ಕ್ಕೆ ಬಿಡುವ ಫೈರ್‌ನವನಿಗೆ ಈ ನಿಯಮ ಬಹಳ ಕಠಿಣ. ಬೆಂಕಿಯ ಕೆಲಸದವರಿಗೆ ಬೇರೆ ನಿಯಮ ಬೇಕು ಅನ್ನುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ಇಲ್ಲ.

ಪಂಪ್_ಆಪರೇಟರ್

ನಾನು ಈಗ ಸೇವೆಯಲ್ಲಿರುವವನು. ಊರು, ಠಾಣೆ ಹೇಳಲ್ಲ.

ಪಿಂಚಣಿ ಮಾತು ಸರಿ, ಆದರೆ ಅದು ಮುಂದಿನದು. ಇವತ್ತಿನ ವಿಷಯ ಕೇಳಿ. ಡ್ಯೂಟಿ ಸಮಯ ಮುಗಿದರೂ ಬೆಂಕಿ ಮುಗಿದಿರಲ್ಲ, ಬಿಟ್ಟು ಬರೋಕೆ ಆಗಲ್ಲ. ಆ ಹೆಚ್ಚುವರಿ ಗಂಟೆಗಳಿಗೆ ಓಟಿ ಅಂತ ಏನೂ ಇಲ್ಲ. ಬದಲಿ ರಜೆ ಅಂತಾರೆ, ಜನ ಕಮ್ಮಿ ಇರುವ ಕಡೆ ಅದು ಕಾಗದದ ಮೇಲೇ ಉಳಿಯುತ್ತದೆ. ಹಬ್ಬದ ದಿನ ಎಲ್ಲರಿಗೂ ರಜೆ, ನಮಗೆ ದೀಪಾವಳಿ ಅಂದರೆ ಗಾಡಿಯಲ್ಲೇ ರಾತ್ರಿ. ಬಾವಿಗೆ ಬಿದ್ದ ಹಸು, ಹೊಳೆಯಲ್ಲಿ ಕೊಚ್ಚಿಹೋದವರ ಶವ, ರಸ್ತೆ ಅಪಘಾತದಲ್ಲಿ ಬಾಗಿಲು ಕತ್ತರಿಸುವುದು, ಎಲ್ಲ ನಾವೇ. ಹೆಸರಿಗೆ ಅಗ್ನಿಶಾಮಕ, ಕೆಲಸಕ್ಕೆ ಎಲ್ಲ ತುರ್ತೂ ನಮ್ಮದೇ.

ಬಡ್ತಿ ಇನ್ನೂ ನಿಧಾನ. 10 ವರ್ಷಕ್ಕೆ, 15 ವರ್ಷಕ್ಕೆ ಕಾಲಬದ್ಧ ಬಡ್ತಿಯ ಸಂಬಳ ಸಿಗುತ್ತದೆ ನಿಜ, ಹುದ್ದೆ ಸಿಗುವುದಿಲ್ಲ. ಮೇಲಿನ ಹುದ್ದೆಗಳೇ ಕಮ್ಮಿ. ಬೇಸಿಕ್ ಏರದಿದ್ದರೆ ಎನ್‌ಪಿಎಸ್‌ಗೆ ಹೋಗುವ ದುಡ್ಡೂ ಏರಲ್ಲ. ಅದಕ್ಕೇ ಸಂಬಳ ಬೇರೆ ಪಿಂಚಣಿ ಬೇರೆ ಅಂತ ಮಾತಾಡಬೇಡಿ. ಇವತ್ತು ಬೇಸಿಕ್‌ನಲ್ಲಿ ತಪ್ಪಿದ ಒಂದು ರೂಪಾಯಿ ನಾಳೆ ಪಿಂಚಣಿಯಲ್ಲೂ ತಪ್ಪುತ್ತದೆ.

ಹಳೆ_ಸೈರನ್

ನೂರಕ್ಕೆ ನೂರು ನಿಜ ತಮ್ಮಾ. ಅದಕ್ಕೇ ಅಪಾಯದ ಭತ್ಯೆಯನ್ನು ಇಷ್ಟು ರೂಪಾಯಿ ಅಂತ ಗೊತ್ತುಮಾಡಿ ಕೊಟ್ಟರೆ ಸಾಲದು. ಬೇಸಿಕ್‌ನ ಇಷ್ಟು ಭಾಗ ಅಂತ ಇರಬೇಕು. ರೂಪಾಯಿ ಲೆಕ್ಕದ ಭತ್ಯೆ ಹತ್ತು ವರ್ಷಕ್ಕೆ ಬೆಲೆಯನ್ನೇ ಕಳೆದುಕೊಳ್ಳುತ್ತದೆ.

ಬೆಂಗ್ಳೂರ್_ಬಾಲ್ಕನಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೋದ ವರ್ಷ ಮೀಟರ್ ಬೋರ್ಡ್ ಸುಟ್ಟಾಗ ಫೈರ್‌ನವರು ಬಂದಿದ್ದರು. ಗಾಡಿ ಗೇಟಿನ ಒಳಗೆ ತಿರುಗೋಕೆ ಜಾಗ ಇರಲಿಲ್ಲ, ಕಾರು ನಿಲ್ಲಿಸಿಬಿಟ್ಟಿದ್ದರು. ಹೋಸ್ ಹೊತ್ತು ಓಡಿ ಬಂದರು. ಕೆಲಸ ಮುಗಿದ ಮೇಲೆ ನೀರು ಕೊಟ್ಟರೆ ಕುಡಿದು ಇನ್ನೊಂದು ಕಾಲ್ ಇದೆ ಅಂತ ಹೊರಟರು. ಇವರ ಸಂಬಳ ಇಷ್ಟೇ ಅಂತ ಗೊತ್ತಿರಲಿಲ್ಲ.

ಮಂಡ್ಯ_ಹೈದ

ದಯವಿಟ್ಟು ನಿಮ್ಮ ಅಸೋಸಿಯೇಷನ್‌ನಲ್ಲಿ ಗೇಟ್ ಪಕ್ಕದ ಪಾರ್ಕಿಂಗ್ ತೆಗೆಸಿ. 2010ರ ಫೆಬ್ರವರಿಯಲ್ಲಿ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ 9 ಜನ ಹೋದರು. ಆಗ ಎಲ್ಲರೂ ಮಾತಾಡಿದರು, ಆಮೇಲೆ ಮರೆತರು.

ಬೆಂಗ್ಳೂರ್_ಬಾಲ್ಕನಿ

ಈ ಭಾನುವಾರದ ಮೀಟಿಂಗಿನಲ್ಲೇ ಎತ್ತುತ್ತೇನೆ. ಒಂದು ಡೌಟು, 90 ಮೀಟರ್ ಏಣಿಯ ಗಾಡಿ ಬಂತು ಅಂತ ಪೇಪರಿನಲ್ಲಿ ನೋಡಿದ್ದೆ. ಅದಕ್ಕೆಲ್ಲ ದುಡ್ಡು ಇದೆ, ಸಂಬಳಕ್ಕೆ ಯಾಕಿಲ್ಲ?

ಲೆಡ್ಜರ್_ಸುಮಾ

ಎರಡೂ ಬೇರೆ ಬೇರೆ ಖಾತೆ. ಗಾಡಿ, ಕಟ್ಟಡ ಒಂದು ಸಲದ ಖರ್ಚು. ಕೇಂದ್ರ 2023ರಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆಗೆ 5,000 ಕೋಟಿಯ ಯೋಜನೆ ಮಾಡಿತು, ಅದು ವಿಸ್ತರಣೆ ಮತ್ತು ಆಧುನೀಕರಣಕ್ಕೆ. ಸಂಬಳ, ಪಿಂಚಣಿ ಪ್ರತಿ ವರ್ಷದ ಖರ್ಚು, ರಾಜ್ಯವೇ ಹೊರಬೇಕು. ಅದಕ್ಕೇ ಸರ್ಕಾರಗಳಿಗೆ ಗಾಡಿ ಕೊಳ್ಳುವುದು ಸುಲಭ, ಜನ ತುಂಬುವುದು ಕಷ್ಟ.

ನನಗೆ ಒಂದು ಮಧ್ಯದ ದಾರಿ ಕಾಣಿಸುತ್ತದೆ. ಕೇಂದ್ರದ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) 2025ರ ಏಪ್ರಿಲ್ 1ರಿಂದ ಶುರುವಾಗಿದೆ. 25 ವರ್ಷ ಸೇವೆ ಇದ್ದರೆ ಕೊನೆಯ 12 ತಿಂಗಳ ಬೇಸಿಕ್ ಸರಾಸರಿಯ ಅರ್ಧ ಪಿಂಚಣಿ ಖಾತ್ರಿ. ಅದರ ಮೇಲೆ ಬೆಲೆ ಏರಿಕೆಗೆ ತಕ್ಕ ಪರಿಹಾರವೂ ಉಂಟು. ನೌಕರನೂ 10 ಕಟ್ಟುತ್ತಾನೆ, ಹಾಗಾಗಿ ಬೊಕ್ಕಸಕ್ಕೂ ಅಷ್ಟು ಭಾರ ಇಲ್ಲ. ಫೈರ್‌ನವರಿಗೆ ಇದೇ ಮಾದರಿ ಕೇಳಿ, ಆದರೆ 25ರ ಬದಲು 20 ವರ್ಷಕ್ಕೆ. ಇದು ಆಗಬಹುದಾದ ಬೇಡಿಕೆ.

ನೇರ_ಮಾತು

ಇದು ಕೇಳುವ ಹಾಗಿದೆ. ಇಷ್ಟು ಜನ ಮಾತ್ರ, ಇಂಥ ಕಾರಣಕ್ಕೆ ಅಂದರೆ ನಾನೂ ಬೆಂಬಲಿಸುತ್ತೇನೆ. ನನ್ನ ತಕರಾರು ಎಲ್ಲರಿಗೂ ಹಳೆ ಪಿಂಚಣಿ ಅನ್ನುವುದಕ್ಕೆ.

ಪಂಪ್_ಆಪರೇಟರ್

ಸುಮಾ ಮೇಡಂ, ಯುಪಿಎಸ್ ಅಂದರೆ ನಮ್ಮ ಹುಡುಗರು ಒಪ್ಪಲ್ಲ. ಹಳೆ ಪಿಂಚಣಿಯೇ ಬೇಕು ಅಂತಾರೆ. ರಾಜಸ್ಥಾನ, ಪಂಜಾಬ್, ಹಿಮಾಚಲ ವಾಪಸ್ ತಂದವಲ್ಲ, ನಮಗ್ಯಾಕೆ ಆಗಲ್ಲ ಅಂತ ಕೇಳ್ತಾರೆ.

ಖಜಾನೆ_ಕಡತ

ತಂದವು ನಿಜ. ಆದರೆ ಎನ್‌ಪಿಎಸ್‌ನಲ್ಲಿ ಆಗಲೇ ಕಟ್ಟಿದ ದುಡ್ಡನ್ನು ರಾಜ್ಯಕ್ಕೆ ವಾಪಸ್ ಕೊಡುವ ಅವಕಾಶ ಇಲ್ಲ ಅಂತ ಕೇಂದ್ರ ಹೇಳಿದೆ. ಆ ರಾಜ್ಯಗಳಿಗೆ ಅದೇ ದೊಡ್ಡ ತಲೆನೋವು. ಹಳೆ ಪಿಂಚಣಿ ಕೇಳಿ, ಬಿಡಬೇಡಿ. ಅದು ಸಿಗುವವರೆಗೆ ಉಳಿದದ್ದನ್ನೂ ಕೇಳದೆ ಕೂತರೆ ನಷ್ಟ ನಿಮಗೇ.

ಕರಿ_ಕೋಟು

ಒಂದು ವ್ಯತ್ಯಾಸವನ್ನೂ ನೆನಪಿಡಿ. 2023ರ ಮಾರ್ಚ್ 1ರಂದು ರಾಜ್ಯ ನೌಕರರು ಮುಷ್ಕರಕ್ಕೆ ಇಳಿದರು. ಅದೇ ದಿನ ನೂರಕ್ಕೆ 17 ಮಧ್ಯಂತರ ಪರಿಹಾರ ಸಿಕ್ಕಿತು. ಕಚೇರಿಗೆ ಬೀಗ ಹಾಕಬಹುದು, ಫೈರ್ ಸ್ಟೇಷನ್‌ಗೆ ಹಾಕುವ ಹಾಗಿಲ್ಲ. ಕೆಲಸ ನಿಲ್ಲಿಸಿ ಕೇಳುವ ದಾರಿ ಇಲ್ಲದವರ ಮಾತನ್ನು ಸರ್ಕಾರ ತಾನಾಗಿ ಕೇಳಬೇಕು. ಪೊಲೀಸರ ವೇತನ ನೋಡಲು ಔರಾದ್ಕರ್ ಸಮಿತಿ ಮಾಡಿದ ಹಾಗೆ, ಬೆಂಕಿಯ ಕೆಲಸವನ್ನೇ ಕೂತು ಅಳೆಯುವ ಒಂದು ಸಮಿತಿ ಬೇಕು ಅಂತ ಮನವಿಯಲ್ಲಿ ಮೊದಲ ಸಾಲಿನಲ್ಲೇ ಬರೆಯಿರಿ.

ಹಳೆ_ಸೈರನ್

ಮನವಿ ಕೊಡುವುದಾದರೆ ಏಪ್ರಿಲ್ 14ಕ್ಕೆ ಮೊದಲು ಕೊಡಿ. 1944ರ ಆ ದಿನ ಮುಂಬೈ ಬಂದರಿನ ಹಡಗು ಸ್ಫೋಟದಲ್ಲಿ 66 ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ದೇಶವೆಲ್ಲ ಅಗ್ನಿಶಾಮಕ ಸೇವಾ ಸಪ್ತಾಹ ಮಾಡುತ್ತಾರೆ. ಆ ವಾರ ಅಧಿಕಾರಿಗಳು, ಮಂತ್ರಿಗಳು ಠಾಣೆಗೆ ಬರುತ್ತಾರೆ, ಪತ್ರಿಕೆಯವರೂ ಬರುತ್ತಾರೆ. ಮಾತು ಕೇಳಿಸಿಕೊಳ್ಳುವ ವಾರ ಅದೊಂದೇ.

ಮಲ್ಲಿಗೆ_ಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವರ ನೇಮಕಾತಿ ಅಧಿಸೂಚನೆ ಆದದ್ದೇ 2006ರ ನಂತರ, ಹಾಗಾಗಿ ವಕೀಲರು ಹೇಳಿದ ಆ ಅವಕಾಶ ನಮಗಿಲ್ಲ. ಇವರ ಜೊತೆಯವರೊಬ್ಬರು 2006ರ ಕೊನೆಗೆ ಸೇರಿದವರಿದ್ದಾರೆ. ಅವರಿಗೆ ಫೋನ್ ಮಾಡಿ ಹೇಳಿದೆವು, ಆದೇಶ ಹುಡುಕುತ್ತಿದ್ದಾರೆ. ಪಿಎಫ್‌ಟಿಗೆ ಗುರುವಾರ ಹೋಗುತ್ತೇವೆ.

ಒಂದು ಭಯದ ಪ್ರಶ್ನೆ. ಸೇವೆಯಲ್ಲಿರುವಾಗಲೇ ಏನಾದರೂ ಆದರೆ ಎನ್‌ಪಿಎಸ್‌ನವರ ಮನೆಯವರಿಗೆ ಏನೂ ಸಿಗಲ್ಲ ಅಂತ ಠಾಣೆಯಲ್ಲಿ ಮಾತಾಡ್ತಾರಂತೆ. ಹೌದಾ?

ಖಜಾನೆ_ಕಡತ

ಅದು ಸರಿಯಲ್ಲ ಅಕ್ಕ. ಎನ್‌ಪಿಎಸ್ ನೌಕರ ಸೇವೆಯಲ್ಲಿ ತೀರಿಕೊಂಡರೆ ಕುಟುಂಬ ಪಿಂಚಣಿ ಮತ್ತು ಗ್ರಾಚ್ಯುಟಿ ಕೊಡುವ ಆದೇಶ ರಾಜ್ಯದಲ್ಲಿ ಇದೆ. ಕೆಜಿಐಡಿ (ರಾಜ್ಯ ಸರ್ಕಾರಿ ವಿಮಾ ಇಲಾಖೆ) ವಿಮೆ ದುಡ್ಡೂ ಬರುತ್ತದೆ. ಆದರೆ ಎನ್‌ಪಿಎಸ್‌ನ ಪ್ರಾನ್ ಖಾತೆಯಲ್ಲಿ, ಸೇವಾ ಪುಸ್ತಕದಲ್ಲಿ, ಕೆಜಿಐಡಿಯಲ್ಲಿ ನಾಮಿನಿ ಹೆಸರು ಮೂರೂ ಕಡೆ ಸರಿ ಇರಬೇಕು. ಮದುವೆಗೆ ಮುಂಚೆ ಸೇರಿದವರು ಅಮ್ಮನ ಹೆಸರೇ ಬಿಟ್ಟಿರುತ್ತಾರೆ, ಆಮೇಲೆ ಹೆಂಡತಿ ಮಕ್ಕಳು ಅಲೆಯುತ್ತಾರೆ. ಇದನ್ನು ಇದೇ ವಾರ ನೋಡಿಸಿ.

ಉಸಿರು_ಡಾಕ್ಟರ್

ಇನ್ನೊಂದು ಕೆಲಸ ಇವತ್ತಿನಿಂದಲೇ ಮಾಡಿ. ಕಾಯಿಲೆ ಕೆಲಸದಿಂದ ಬಂತು ಅಂತ ಒಪ್ಪುವ ಕಾನೂನು ನಮ್ಮಲ್ಲಿ ಬರುವ ತನಕ ದಾಖಲೆಯೇ ಗತಿ. ದೊಡ್ಡ ಬೆಂಕಿಗೆ ಹೋದಾಗಲೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮಲ್ಲಿಗೆ_ಮನೆ

ಏನೇನು ಬರೆಯಬೇಕು ಡಾಕ್ಟ್ರೇ? ಇವರಿಗೆ ಬರೆಯುವ ಅಭ್ಯಾಸ ಇಲ್ಲ, ನಾನೇ ಕೇಳಿ ಬರೆದಿಡುತ್ತೇನೆ.

ಉಸಿರು_ಡಾಕ್ಟರ್

ತಾರೀಕು, ಏನು ಸುಟ್ಟಿತು (ಪ್ಲಾಸ್ಟಿಕ್, ಕೆಮಿಕಲ್, ಟೈರು, ಆಸ್‌ಬೆಸ್ಟಾಸ್ ಶೀಟ್ ಇತ್ತಾ), ಎಷ್ಟು ಗಂಟೆ ಹೊಗೆಯಲ್ಲಿದ್ದರು, ಬಿಎ ಸೆಟ್ ಹಾಕಿದ್ದರಾ ಇಲ್ವಾ, ಆಮೇಲೆ ಮೈಗೆ ಏನಾಯಿತು. ಜೊತೆಗೆ ವರ್ಷಕ್ಕೊಮ್ಮೆ ಪಿಎಫ್‌ಟಿ, ಕಿವಿ ಪರೀಕ್ಷೆ, ಮೂತ್ರ ಪರೀಕ್ಷೆಯ ರಿಪೋರ್ಟು ಅದೇ ಫೈಲಿನಲ್ಲಿರಲಿ.

ಪಂಪ್_ಆಪರೇಟರ್

ತಾರೀಕಿನ ಜೊತೆ ಠಾಣೆಯ ಕಾಲ್ ನಂಬರೂ ಬರೆಸಿ ಅಕ್ಕ. ವಾಚ್ ರೂಮ್ ರಿಜಿಸ್ಟರ್‌ನಲ್ಲಿ ಪ್ರತಿ ಕಾಲ್‌ಗೂ ಇರುತ್ತದೆ. ನಾಳೆ ಯಾರಾದರೂ ಕೇಳಿದರೆ ಎರಡನ್ನೂ ತಾಳೆ ಹಾಕಿ ತೋರಿಸಬಹುದು. ನಮ್ಮ ಠಾಣೆಯಲ್ಲಿ ನಾವೂ ಶುರು ಮಾಡ್ತೀವಿ.